ಕೊಟ್ಟರು ಎಂದರೆ ಕೊಟ್ಟರೇ?

ವರ್ಗವಾಗಿ ವಿಜಯವಾಡಕ್ಕೆ ಬಂದ ಹೊಸತರಲ್ಲಿ, ಬೆಂಜ್ ಸರ್ಕಲ್ಲಿನ ಹತ್ತಿರ ಮನೆ ಸಿಕ್ಕಿತೆಂದು ಊರಿನಲ್ಲಿದ್ದ ನಮ್ಮ ತಾಯಿಯವರಿಗೆ ಫೋನು ಮಾಡಿ ತಿಳಿಸಿದೆವು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, “ಬಿ.ಎ. ಓದಿದ ಮೇಲೂ ಬೆಂಚಿನ ಮೇಲೆಯೇ ಕೂರಿಸಿದರೇನೋ?” ಎಂದರು. ಅವರ ಕಿವಿಗೆ ಬಿದ್ದದ್ದು ಬೆಂಚ್ ಸರ್ಕಲ್. ಬೆಂಚುಗಳನ್ನು ದುಂಡಗೆ ಜೋಡಿಸಿ ಗುಮಾಸ್ತರನ್ನೆಲ್ಲ ಕೂರಿಸುವ ಒಂದು ಜಾಗವೆಂದು ಅವರು ಊಹಿಸಿಕೊಂಡಿದ್ದರು. ನಮ್ಮ ಕಚೇರಿಯನ್ನು ಬಲ್ಲವರು ಈ ಊಹೆಯನ್ನು ಪೂರ್ತಿ ತಪ್ಪೆನ್ನಲಾರರು.

ಅಲ್ಲಿಂದ ನಮಗೆ ಹೆಸರುಗಳ ಹುಚ್ಚು ಹಿಡಿಯಿತು. ಹಿಂದೆ ಇಲ್ಲಿ ಬೆಂಜ್ ಲಾರಿಗಳ ಮಾರಾಟದ ಮಳಿಗೆಯೊಂದಿತ್ತು, ಅದರಿಂದಲೇ ಈ ಹೆಸರು ಬಂತೆಂದು ಊರಿನ ಹಿರಿಯರು ಹೇಳುತ್ತಾರೆ. ಟಾಟಾ ಕಂಪನಿಯವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ ಕೂಡಿ 1954ರಿಂದ 1969ರವರೆಗೆ ಜಮಶೇಡ್‌ಪುರದಲ್ಲಿ ಲಾರಿಗಳನ್ನು ತಯಾರಿಸುತ್ತಿದ್ದರು. ಆ ಕಾಲದಲ್ಲಿ ಮುಖದ ಮೇಲೆ ಮೂರು ಮೂಲೆಯ ನಕ್ಷತ್ರ ಹೊತ್ತು ಓಡುತ್ತಿದ್ದ ಲಾರಿಗಳು ಅವೇ. ಕಾರ್ಲ್ ಬೆಂಜ್ ಎಂಬ ಜರ್ಮನ್ ಮಹಾಶಯ ತನ್ನ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟು ಕೋರಿದ್ದು 1886ರಲ್ಲಿ. ಆ ಹೆಸರಿನ ಜೊತೆಗಾತಿಯಾದ ‘ಮರ್ಸಿಡಿಸ್’ ಯಾವ ಯಂತ್ರಶಾಸ್ತ್ರದ ಪದವೂ ಅಲ್ಲ. ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿಯ ಮಗಳ ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ ‘ಕರುಣೆ’ ಎಂದರ್ಥ. ಲಾರಿ ಓಡಿಸುವವರು ಈ ಅರ್ಥವನ್ನು ನೆನಪಿಟ್ಟುಕೊಂಡರೆ ನಮ್ಮಂಥ ಪಾದಚಾರಿಗಳಿಗೆ ಎಷ್ಟೋ ಉಪಕಾರವಾದೀತು.

ಈಗ ಸರ್ಕಲ್ಲಿನ ಮೇಲೆ ಮೇಲ್ಸೇತುವೆ ಎದ್ದು ನಿಂತಿದೆ. ಆದರೂ ಆಟೋದವನಿಗೆ ‘ಬೆಂಜ್ ಸರ್ಕಲ್’ ಎಂದರೆ ಸಾಕು. ನಮ್ಮ ಬೆಂಗಳೂರಿನ ಕಥೆಯೂ ಇದೇ ಅಲ್ಲವೆ? ಮೆಜೆಸ್ಟಿಕ್ ಎಂಬ ಚಿತ್ರಮಂದಿರ ಮಾಯವಾಯಿತು; ಮೆಜೆಸ್ಟಿಕ್ಕಿಗೆ ಹೋಗುವ ಬಸ್ಸು ಮಾತ್ರ ನಿಂತಿಲ್ಲ. ಇನ್ನೊಂದು ಸಂಗತಿ ಹೇಳಿದರೆ ವಾಚಕರಿಗೆ ಸಂತೋಷವಾದೀತು. ಬೆಂಜ್ ಸರ್ಕಲ್ಲನ್ನು ಹಾಯುವ 65ನೆಯ ರಾಷ್ಟ್ರೀಯ ಹೆದ್ದಾರಿ ಪುಣೆಯಿಂದ ಹೊರಟು ನಮ್ಮ ಬೀದರ್ ಜಿಲ್ಲೆಯ ಹುಮನಾಬಾದನ್ನು ಮುಟ್ಟಿಕೊಂಡು, ಹೈದರಾಬಾದಿನ ಮೇಲೆ ಹಾದು ಇಲ್ಲಿಗೆ ಬರುತ್ತದೆ. ಮುಂದೆ ಮಚಲೀಪಟ್ಟಣದ ಬಂದರಿಗೆ ಹೋಗುವುದರಿಂದ ಊರಿನೊಳಗೆ ಇದಕ್ಕೆ ಬಂದರು ರಸ್ತೆಯೆಂಬ ಹೆಸರು. ಮಹಾತ್ಮರ ಹೆಸರಿಟ್ಟು ಎಷ್ಟೋ ಕಾಲವಾದರೂ ಜನರ ಬಾಯಲ್ಲಿ ಅದು ಬಂದರು ರಸ್ತೆಯೇ. ಬಂದರು ಎಂಬುದು ಪಾರಸೀ ಶಬ್ದ. ಮಂಗಳೂರಿನವರಿಗೂ ಅದೇ, ಇವರಿಗೂ ಅದೇ.

ಇನ್ನು ಊರಿನ ಹೆಸರು. ವಿಜಯನೆಂದರೆ ಅರ್ಜುನ, ಅವನು ಇಲ್ಲಿನ ಇಂದ್ರಕೀಲಾದ್ರಿಯ ಮೇಲೆ ತಪಸ್ಸು ಮಾಡಿ ಪಾಶುಪತಾಸ್ತ್ರವನ್ನು ಪಡೆದದ್ದರಿಂದ ವಿಜಯವಾಡವಾಯಿತೆಂದು ಸ್ಥಳದವರ ನಂಬಿಕೆ. ಆದರೆ ಹಳಬರ ಬಾಯಲ್ಲಿ ಇದು ಬೆಜವಾಡ. ತೆಲುಗಿನಲ್ಲಿ ‘ಬೆಜ್ಜಂ’ ಎಂದರೆ ತೂತು. ಸಮುದ್ರ ಸೇರಲು ಹೊರಟ ಕೃಷ್ಣೆಗೆ ಬೆಟ್ಟ ಅಡ್ಡ ಬಂದಾಗ ಅದರಲ್ಲಿ ತೂತು ಕೊರೆದು ದಾರಿ ಮಾಡಿದರಂತೆ, ಆದ್ದರಿಂದ ಬೆಜವಾಡವಂತೆ. ಬೇಸಿಗೆಯ ಬಿಸಿಲಿಗೆ ಬೆಂದ ಇಂಗ್ಲಿಷ್ ಬಲ್ಲವರು ಇದನ್ನು ‘ಬ್ಲೇಜ್‌ವಾಡ’ ಎಂದರು. ಮೇ ತಿಂಗಳಲ್ಲಿ ಇಲ್ಲಿದ್ದವರು ಈ ಮೂರನೆಯ ವ್ಯುತ್ಪತ್ತಿಗೇ ಮತ ಕೊಡುತ್ತಾರೆ! ಸರ್ಕಾರ ಹೆಸರು ಬದಲಾಯಿಸಿದರೂ ರೈಲ್ವೆಯವರು ಹಳೆಯದನ್ನು ಬಿಡಲಿಲ್ಲ. ಇಂದಿಗೂ ಟಿಕೆಟ್ಟಿನ ಮೇಲೆ ಈ ನಿಲ್ದಾಣದ ಸಂಕೇತ ಬಿ-ಝಡ್-ಎ, ಎಂದರೆ ಬೆಜವಾಡ.

ಇಂಥ ಸ್ಥಳಕಥೆಗಳನ್ನು ಸವಿಯಬೇಕು, ಸಾಕ್ಷಿ ಕೇಳಬಾರದು. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂದಕಾಳೂರಾಯಿತೆಂದು ನಾವೂ ಮಕ್ಕಳಿಗೆ ಹೇಳುತ್ತೇವಷ್ಟೆ. ಬೇಗೂರಿನ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರು ಕ್ರಿ.ಶ. 890ರ ಸುಮಾರಿಗೇ ಕೊರೆಯಲ್ಪಟ್ಟಿದೆ. ಇಮ್ಮಡಿ ವೀರಬಲ್ಲಾಳ ಪಟ್ಟವೇರಿದ್ದು 1173ರಲ್ಲಿ. ಮುದುಕಿ ಒಲೆ ಹಚ್ಚುವ ಮೊದಲೇ ಊರಿಗೆ ನಾಮಕರಣ ಮುಗಿದುಹೋಗಿತ್ತು.

ಪರ ಊರಿನಲ್ಲಿದ್ದೇವೆಂದು ಬೇಸರ ಬಂದಾಗ ನಾವು ನೆನೆಯುವುದು ಪಂಪನನ್ನು. ಆದಿಕವಿ ಪಂಪನ ಪೂರ್ವಿಕರು ವೆಂಗಿ ನಾಡಿನವರು. ವೆಂಗಿಯ ಗುರುತಾಗಿ ಉಳಿದಿರುವ ಪೆದವೇಗಿ ಇಲ್ಲಿಗೆ ದೂರವಲ್ಲ. ಏಲೂರಿನ ಬಳಿ ಇದೆ. ಆತನ ತಮ್ಮ ಜಿನವಲ್ಲಭ ಈಗಿನ ತೆಲಂಗಾಣದ ಕುರ್ಕ್ಯಾಲದಲ್ಲಿ ಬರೆಸಿದ ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಇದೆ. ಹತ್ತನೆಯ ಶತಮಾನದಲ್ಲೇ ಒಂದು ಮನೆತನ ಎರಡು ಭಾಷೆಗಳ ನಡುವೆ ನೆಮ್ಮದಿಯಾಗಿತ್ತೆಂದ ಮೇಲೆ ನಮಗೇನು ಕಷ್ಟ, ಎಂದುಕೊಂಡಿದ್ದೆವು.

ಪಂಪನ ಕನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’, ಹಂದಿ ‘ಪಂದಿ’, ಹೆಸರು ‘ಪೆಸರ್’. ಆತನ ಕಾಲದಿಂದೀಚೆಗೆ ನಾವು ಮೆಲ್ಲಮೆಲ್ಲನೆ ಪಕಾರವನ್ನು ಬಿಟ್ಟು ಹಕಾರವನ್ನು ಹಿಡಿದೆವು. ನೆರೆಯವರು ಬಿಡಲಿಲ್ಲ. ತೆಲುಗಿನಲ್ಲಿ ಇಂದಿಗೂ ಪಾಲು, ಪುಲಿ, ಪಂದಿ, ಪೇರು. ನಾವು ಅಟ್ಟಕ್ಕೆ ಹಾಕಿದ ಹಳೆಯ ಪಾತ್ರೆಗಳನ್ನು ಪಕ್ಕದ ಮನೆಯವರು ದಿನವೂ ಬೆಳಗಿ ಬಳಸುತ್ತಿರುವುದನ್ನು ಕಂಡಂತಾಗುತ್ತದೆ.

ತಾಯಿಯವರು ನಮ್ಮಲ್ಲಿಗೆ ಬಂದ ಮರುದಿನ ಬೆಳಿಗ್ಗೆ ಹಾಲಿನವನು ಬಾಗಿಲಲ್ಲಿ ನಿಂತು “ಪಾಲೂ” ಎಂದು ಕೂಗಿದ. ಊರಿನಲ್ಲಿ ದಾಯಾದಿಗಳ ಜಮೀನಿನ ವ್ಯಾಜ್ಯ ಇನ್ನೂ ಮುಗಿದಿರಲಿಲ್ಲ. ತಾಯಿಯವರು ಧಡಕ್ಕನೆ ಎದ್ದು, “ಯಾರೋ ಅದು? ಪಾಲು ಕೇಳುವುದಕ್ಕೆ ಇಲ್ಲಿಯವರೆಗೂ ಬಂದರೇನೋ?” ಎಂದರು. ಸಂಜೆ ಎದುರು ಬೀದಿಯ ಬೋರ್ಡೊಂದನ್ನು ಅಕ್ಷರ ಕೂಡಿಸಿಕೊಂಡು ಓದಿದರು. ಎರಡು ಲಿಪಿಗಳೂ ಒಂದೇ ಬಳ್ಳಿಯ ಕಾಯಿಗಳಾದ್ದರಿಂದ ಓದುವುದೇನೋ ಬಂತು: “ಈ ಇಲ್ಲು ಅಮ್ಮಬಡುನು.” “ಅಮ್ಮ ಇಲ್ಲವಂತೆ, ಬಡವರಂತೆ, ಪಾಪ” ಎಂದು ಮರುಗಿದರು. ಇಲ್ಲು ಎಂದರೆ ಮನೆ, ಅಮ್ಮು ಎಂದರೆ ಮಾರು. ‘ಈ ಮನೆ ಮಾರಾಟಕ್ಕಿದೆ’ ಎಂದು ಬಿಡಿಸಿ ಹೇಳಿದೆವು. “ಅಮ್ಮನನ್ನೇ ಮಾರಾಟಕ್ಕೆ ಇಟ್ಟ ಭಾಷೆಯಲ್ಲೋ ಇದು!” ಎಂದು ನಕ್ಕರು.

ಕಚೇರಿಯಲ್ಲಿಯೂ ಇದೇ ಪಾಡು. ಸಹೋದ್ಯೋಗಿ ‘ದರಖಾಸ್ತು’ ಕೊಟ್ಟನೆಂದರೆ ನಾವು ಸರ್ಕಾರಿ ಜಮೀನು ಕೇಳಿದನೆಂದುಕೊಂಡೆವು. ಇಲ್ಲಿ ಯಾವ ಅರ್ಜಿಯಾದರೂ ದರಖಾಸ್ತೇ. ಅವನು ಕೇಳಿದ್ದು ಮೂರು ದಿನದ ‘ಸೆಲವು’. ತೆಲುಗಿನಲ್ಲಿ ಸೆಲವು ಎಂದರೆ ರಜೆ, ತಮಿಳಿನಲ್ಲಿ ಖರ್ಚು. ಸಂಸಾರ ಕಟ್ಟಿಕೊಂಡು ರಜೆಗೆ ಊರಿಗೆ ಹೋದವರಿಗೆ ಎರಡೂ ಒಂದೇ ಎಂದು ತಿಳಿದಿದೆ.

ಇಷ್ಟರವರೆಗೆ ಎಲ್ಲವೂ ತಮಾಷೆ. ಇನ್ನು ಹೇಳುವುದನ್ನು ಪೂರ್ತಿಯಾಗಿ ತಮಾಷೆಯೆನ್ನಲಾರೆವು.

ನಮ್ಮ ಚಿಕ್ಕವಳಿಗೆ ಆಗ ಏಳು ವರ್ಷ. ಒಂದು ಸಂಜೆ ಶಾಲೆಯಿಂದ ಬಂದು ಚೀಲವನ್ನಿಟ್ಟು, “ಅಮ್ಮಾ, ಇವತ್ತು ಮೇಷ್ಟರು ಕೊಟ್ಟರು” ಎಂದಳು. ನಮ್ಮ ಮನೆಯಾಕೆಗೆ ಹಿಗ್ಗು. “ಎಷ್ಟು ಕೊಟ್ಟರೇ?” “ಎರಡು.” ಪೆಪ್ಪರಮೆಂಟು ಇರಬೇಕೆಂದು ನಾವಿಬ್ಬರೂ ತೀರ್ಮಾನಿಸಿದೆವು. ಮರುದಿನವೂ ಅದೇ ವರದಿ. ಮೂರನೆಯ ದಿನ ಮನೆಯಾಕೆ, “ಒಂದನ್ನಾದರೂ ಮನೆಗೆ ತರಬಾರದೇನೇ? ಅಲ್ಲೇ ತಿಂದೆಯಾ?” ಎಂದು ಕೇಳಿದಳು. ಹುಡುಗಿ ತಲೆ ತಗ್ಗಿಸಿ, “ಅಲ್ಲೇ ತಿಂದೆ” ಎಂದಳು. ನಾವು ನಕ್ಕೆವು. ಅವಳು ನಗಲಿಲ್ಲ, ಅದನ್ನು ನಾವು ಗಮನಿಸಲೂ ಇಲ್ಲ.

ಆ ರಾತ್ರಿ ತಾಯಿಯವರು ಮೊಮ್ಮಗಳಿಗೆ ಕೈತುತ್ತು ಹಾಕಲು ಕುಳಿತರು. ಬಿಸಿ ಹುಳಿಯನ್ನದ ಉಂಡೆ ಅಂಗೈಗೆ ಬಿದ್ದೊಡನೆ ಹುಡುಗಿ ಕೈ ಹಿಂದಕ್ಕೆಳೆದುಕೊಂಡಳು. ತಾಯಿಯವರು ಆ ಕೈಯನ್ನು ದೀಪದ ಬೆಳಕಿಗೆ ಹಿಡಿದರು. “ಇದೇನೇ ಬರೆ?” ಹುಡುಗಿ ನಮ್ಮ ಕಡೆಗೆ ನೋಡಿ, “ಹೇಳಲಿಲ್ಲವೇ ಅಜ್ಜಿ? ಮೇಷ್ಟರು ಕೊಟ್ಟರು” ಎಂದಳು.

ತೆಲುಗಿನಲ್ಲಿ ‘ಕೊಟ್ಟಾರು’ ಎಂದರೆ ಹೊಡೆದರು. ಕೊಡುವುದಕ್ಕೆ ಅವರು ‘ಇಚ್ಚಾರು’ ಎನ್ನುತ್ತಾರೆ. ಕನ್ನಡದಲ್ಲಿಯೂ ‘ಎರಡು ಕೊಟ್ಟ’ ಎಂದು ಏಟಿಗೆ ಹೇಳುವುದುಂಟು. ಆ ಹೊತ್ತಿಗೆ ನಮಗೆ ಅದೂ ಹೊಳೆದಿರಲಿಲ್ಲ. ಶಬ್ದಗಳ ಹುಟ್ಟು ಹುಡುಕುತ್ತ ಊರೆಲ್ಲ ಅಲೆದ ನಮಗೆ, ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ದಿನ ಬಿದ್ದ ಶಬ್ದದ ಅರ್ಥ ತಿಳಿಯಲಿಲ್ಲ. ಮಗು ನಿಜವನ್ನೇ ಹೇಳಿತ್ತು. ನಾವು ಕೇಳಿದ್ದು ಪೆಪ್ಪರಮೆಂಟನ್ನು.

ಏಟು ಬಿದ್ದ ಕಾರಣ ಕೇಳಿದಾಗ ಮನಸ್ಸು ಇನ್ನಷ್ಟು ಕುಗ್ಗಿತು. ತೆಲುಗಿನ ತಲಕಟ್ಟು ಗೀಟು ಹಾಕಿದ ‘ಸರಿ’ ಗುರುತಿನಂತಿರುತ್ತದೆ. ನಮ್ಮ ತಲೆಕಟ್ಟು ಅಡ್ಡಗೆರೆ ಎಳೆದು ತುದಿಯಲ್ಲಿ ಬಾಗಿಸಿದ್ದು. ಮನೆಯಲ್ಲಿ ತಾಯಿ ಕಲಿಸಿದ ತಲೆಕಟ್ಟನ್ನು ಹುಡುಗಿ ತೆಲುಗಿನ ಉಕ್ತಲೇಖನದಲ್ಲಿ ಬರೆದಿದ್ದಳು. ತಿದ್ದಿದರೂ ಮತ್ತೆ ಬರೆದಿದ್ದಳು. ಮೇಷ್ಟರಿಗೆ ಅದು ಹಟವಾಗಿ ಕಂಡಿತ್ತು. ಆ ರಾತ್ರಿ ಮನೆಯಾಕೆ, “ಇನ್ನು ಕನ್ನಡ ಕಲಿಸುವುದು ಬೇಡವೇನೋ” ಎಂದಳು. ವಿಜಯವಾಡಕ್ಕೆ ಬಂದ ಮೇಲೆ ನಮಗೆ ನಿದ್ರೆ ಬಾರದ ಮೊದಲನೆಯ ರಾತ್ರಿ ಅದೇ.

ಮರುದಿನ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆವು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದೆಯೆಂದು ಗುಮಾಸ್ತರಾದ ನಮಗೆ ಗೊತ್ತಿತ್ತು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡೆವು. ಆದರೆ ಮೇಷ್ಟರ ಮುಂದೆ ಮೊದಲು ತೆಗೆದದ್ದು ಮಗುವಿನ ಎರಡು ಕಾಪಿ ಪುಸ್ತಕಗಳನ್ನು: ಒಂದು ತೆಲುಗು, ಒಂದು ಕನ್ನಡ. ಅವರು ಎರಡು ತಲೆಕಟ್ಟುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಮೂರು ದಿನ ನಾವು ಪೆಪ್ಪರಮೆಂಟು ಎಂದುಕೊಂಡ ಕಥೆಯನ್ನು ನಮ್ಮ ಹರಕು ತೆಲುಗಿನಲ್ಲಿ ಹೇಳಿದೆವು. ಅವರು ನಗಲಿಲ್ಲ. ಕಾಯಿದೆಯ ಮಾತನ್ನೂ ಆಡಿಯೇ ಬಂದೆವು, ಆದರೆ ಕೊನೆಯಲ್ಲಿ, ಮೆಲ್ಲಗೆ. ಮತ್ತೆ ಏಟು ಬೀಳಲಿಲ್ಲ.

ಮನೆಯ ಕನ್ನಡ ಪಾಠವೂ ನಿಲ್ಲಲಿಲ್ಲ. ಈಗ ಹುಡುಗಿಯ ಕನ್ನಡ ಪುಸ್ತಕಕ್ಕೆ ಕೆಂಪು ರಟ್ಟು, ತೆಲುಗು ಪುಸ್ತಕಕ್ಕೆ ನೀಲಿ ರಟ್ಟು. ರಟ್ಟು ನೋಡಿ ತಲೆಕಟ್ಟು. ಆದರೆ ಒಂದು ನಷ್ಟವಾಯಿತು. ‘ಕೊಟ್ಟರು’ ಎಂಬ ಮಾತನ್ನು ಅವಳು ಮನೆಯಲ್ಲಿ ಆಡುವುದನ್ನೇ ಬಿಟ್ಟಳು. ಪಕ್ಕದ ಮನೆಯವರು ಹೂವು ಕೊಟ್ಟರೂ ‘ಇಚ್ಚಾರು’ ಎನ್ನುತ್ತಿದ್ದಳು. ಸಾವಿರ ವರ್ಷದಲ್ಲಿ ಕನ್ನಡ ಪಕಾರವನ್ನು ಬಿಟ್ಟಿತು. ನಮ್ಮ ಮನೆ ಒಂದೇ ವಾರದಲ್ಲಿ ಒಂದು ಕ್ರಿಯಾಪದವನ್ನು ಬಿಟ್ಟಿತು.

ವಾಚಕ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ನಿಮ್ಮ ನಿಮ್ಮ ಊರಿನ ಇಂಥ ಎರಡರ್ಥದ ಮಾತುಗಳನ್ನು ಬರೆದಿಡಿ, ನಾಲ್ಕು ಜನ ಸೇರಿದಾಗ ಹೇಳಿ ನಗಿ. ಆದರೆ ಮಗು ಶಾಲೆಯಿಂದ ಒಂದು ಮಾತು ತಂದರೆ ಅರ್ಥ ಗೊತ್ತೆಂದುಕೊಳ್ಳಬೇಡಿ. ಇನ್ನೊಮ್ಮೆ ಕೇಳಿ, ಮುಖ ನೋಡಿ, ಕೈಯನ್ನೂ ನೋಡಿ.

ತಾಯಿಯವರು ಊರಿಗೆ ಹೊರಟ ದಿನ ಬೆಜವಾಡ ಸ್ಟೇಷನ್ನಿನಲ್ಲಿ ಗಾಡಿ ಬರುವುದು ತಡವಾಯಿತು. ಅವರು ಸೆರಗಿನ ಗಂಟು ಬಿಚ್ಚಿ, ಐವತ್ತು ರೂಪಾಯಿಯ ನೋಟನ್ನು ನಾಲ್ಕು ಮಡಿಕೆ ಮಾಡಿ, ಮೊಮ್ಮಗಳ ಅದೇ ಅಂಗೈಯಲ್ಲಿಟ್ಟು ಮುಚ್ಚಿದರು. “ಅಜ್ಜಿ ಏನು ಮಾಡಿದರು, ಹೇಳು?” ಎಂದು ಕೇಳಿದರು. ಹುಡುಗಿ ನಮ್ಮ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಗಾಡಿ ಬರುವ ಸದ್ದು ಕೇಳಿಸುತ್ತಿತ್ತು.

“ಕೊಟ್ಟರು” ಎಂದಳು.