ಎಂಜಿನ್ ಬದಲಾದರೆ ಕಾರು ಅದೇ ಕಾರೇ?

ಹಳೆಯ ಸ್ಪೋರ್ಟ್ಸ್ ಕಾರುಗಳ ಅಭಿಮಾನಿಗಳ ನಡುವೆ ಇಂದಿಗೂ ಬಗೆಹರಿಯದ ಒಂದು ವಾದವಿದೆ. ಮೂಲ ಎಂಜಿನ್ ಇಳಿಸಿ ಅದಕ್ಕಿಂತ ಬಲವಾದದ್ದನ್ನು ಕೂರಿಸಿದರೆ ಅದು ಸುಧಾರಣೆಯೋ, ಅಪಚಾರವೋ? ಈ ವಾದಕ್ಕೆ ಎಸಿ ಕೋಬ್ರಾ ಕಾರಿನ ಚರಿತ್ರೆಗಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಇಂಗ್ಲೆಂಡಿನ ಥೇಮ್ಸ್ ಡಿಟನ್ನಿನಲ್ಲಿದ್ದ ಎಸಿ ಕಂಪೆನಿ 1953ರಲ್ಲಿ 'ಏಸ್' ಎಂಬ ಹಗುರವಾದ ಕಾರನ್ನು ಹೊರತಂದಿತು. ಎರಡು ದಪ್ಪ ಉಕ್ಕಿನ ಕೊಳವೆಗಳ ಚಾಸಿಸ್, ಮೇಲೆ ಅಲ್ಯುಮಿನಿಯಂ ಹೊದಿಕೆ. ನೋಡಲು ಚೆಂದ, ತಿರುವುಗಳಲ್ಲಿ ಚುರುಕು. ಆದರೆ ಅದರ ಎರಡು ಲೀಟರ್ ಎಂಜಿನ್ನಿನ ವಿನ್ಯಾಸ 1919ರಷ್ಟು ಹಳೆಯದು. ಹೀಗಾಗಿ 1956ರಿಂದ ಬ್ರಿಸ್ಟಲ್ ಕಂಪೆನಿಯ ಎಂಜಿನ್ನನ್ನೂ ಅಳವಡಿಸತೊಡಗಿದರು. ಅದರ ಬಲ ಸುಮಾರು 125 ಅಶ್ವಶಕ್ತಿ. 1961ರಲ್ಲಿ ಬ್ರಿಸ್ಟಲ್ ಅದರ ತಯಾರಿಕೆಯನ್ನೂ ಕೈಬಿಟ್ಟಾಗ ಏಸ್ ಅತಂತ್ರವಾಯಿತು.

ಇದೇ ಹೊತ್ತಿಗೆ ಟೆಕ್ಸಾಸಿನ ಕ್ಯಾರಲ್ ಶೆಲ್ಬಿ ಎಸಿ ಕಂಪೆನಿಗೆ ಪತ್ರ ಬರೆದ. 1959ರ ಲ ಮಾನ್ಸ್ ಸ್ಪರ್ಧೆ ಗೆದ್ದಿದ್ದ ಈತ ಹೃದಯದ ತೊಂದರೆಯಿಂದ ಮರುವರ್ಷವೇ ರೇಸಿಂಗ್ ಬಿಟ್ಟಿದ್ದ. ನಿಮ್ಮ ಕಾರಿಗೆ ಅಮೆರಿಕದ ವಿ-8 ಎಂಜಿನ್ ಹೊಂದಿಸಬಹುದೇ ಎಂಬುದು ಅವನ ಪ್ರಶ್ನೆ. ಫೋರ್ಡ್ ಕಂಪೆನಿ ಆಗಷ್ಟೇ ತೆಳುಗೋಡೆಯ ಎರಕದ, ಗಾತ್ರಕ್ಕೆ ಹೋಲಿಸಿದರೆ ಹಗುರವಾದ ವಿ-8 ಒಂದನ್ನು ರೂಪಿಸಿತ್ತು. 1962ರ ಫೆಬ್ರವರಿಯಲ್ಲಿ ಎಂಜಿನ್ನಿಲ್ಲದ ಕಾರೊಂದು ಲಾಸ್ ಏಂಜಲೀಸ್ ತಲುಪಿತು. ಅದರೊಳಗೆ ಕೂತದ್ದು 4.2 ಲೀಟರಿನ, ಸುಮಾರು 260 ಅಶ್ವಶಕ್ತಿಯ ಎಂಜಿನ್. ಬಲ ಒಮ್ಮೆಲೇ ಇಮ್ಮಡಿಯಾಯಿತು.

ಆದರೆ ಬಲ ಹೆಚ್ಚಿದಾಗ ಅದನ್ನು ಹೊರುವ ಅಂಗಗಳೂ ಗಟ್ಟಿಯಾಗಬೇಕು. ಎಂಜಿನ್ನಿನ ತಿರುಚುಬಲ ಹಿಂದಿನ ಚಕ್ರಗಳಿಗೆ ಹೋಗುವುದು ಡಿಫರೆನ್ಷಿಯಲ್ ಮೂಲಕ. ಅದು ದುರ್ಬಲವಾಗಿದ್ದರೆ ಹಲ್ಲುಗಳು ಮುರಿಯುತ್ತವೆ. ವೇಗ ಇಮ್ಮಡಿಯಾದರೆ ಬ್ರೇಕು ಅರಗಿಸಬೇಕಾದ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಆದ್ದರಿಂದ ಕೋಬ್ರಾಕ್ಕೆ ಗಟ್ಟಿಯಾದ ಡಿಫರೆನ್ಷಿಯಲ್ ಬಂತು, ಚಾಸಿಸ್ ಬಲಗೊಂಡಿತು, ಬಳಿಕ ಸ್ಟೀರಿಂಗ್ ವ್ಯವಸ್ಥೆಯೂ ಬದಲಾಯಿತು. 1965ರಲ್ಲಿ ಏಳು ಲೀಟರಿನ ಎಂಜಿನ್ ಬಂದಾಗ ಚಾಸಿಸ್ ಕೊಳವೆಗಳ ವ್ಯಾಸ ಮೂರು ಇಂಚಿನಿಂದ ನಾಲ್ಕಕ್ಕೇರಿತು. ಪಟ್ಟಿ ಸ್ಪ್ರಿಂಗುಗಳ ಜಾಗಕ್ಕೆ ಸುರುಳಿ ಸ್ಪ್ರಿಂಗುಗಳು ಬಂದವು. ಏಸ್‌ನಲ್ಲಿ ಉಳಿದದ್ದು ಮುಖದ ಹೋಲಿಕೆ ಮಾತ್ರ.

ಹಾಗಾದರೆ ಇದು ಅಪಚಾರವೇ? ಅದೇ 1965ರಲ್ಲಿ ಕೋಬ್ರಾ ದೊಡ್ಡ ಎಂಜಿನ್ನಿನ ಜಿಟಿ ಕಾರುಗಳ ವಿಶ್ವ ಚಾಂಪಿಯನ್‌ಷಿಪ್ಪನ್ನು ಗೆದ್ದುಕೊಂಡಿತು. ಶೆಲ್ಬಿಯ ಆ ಮೊದಲ ಕಾರು 2016ರ ಹರಾಜಿನಲ್ಲಿ 1 ಕೋಟಿ 37 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಯಿತು. ಅಂದು ಹೊರಗಿನಿಂದ ಬಂದ ಎಂಜಿನ್ನೇ ಇಂದು ಅದರ 'ಮೂಲ' ಎಂಜಿನ್. ಅದನ್ನು ಬದಲಿಸುವ ಮಾತನ್ನು ಯಾರೂ ಎತ್ತಲಾರರು.

ಇದನ್ನೇ ಆಧಾರವಾಗಿಟ್ಟುಕೊಂಡು ಕಂಡ ಹಳೆಯ ಕಾರಿನ ಎಂಜಿನ್ನನ್ನೆಲ್ಲ ಕಿತ್ತುಹಾಕುವುದು ಸರಿಯಲ್ಲ. ಶೆಲ್ಬಿಗೆ ಸಿಕ್ಕಿದ್ದು ತಯಾರಕರೇ ಒಪ್ಪಿ, ಎಂಜಿನ್ನಿಲ್ಲದೆ ಕಳುಹಿಸಿದ ಹೊಸ ಕಾರು. ಏಸ್‌ಗಳಾದರೋ ಒಟ್ಟು ಸಾವಿರವೂ ತಯಾರಾಗಲಿಲ್ಲ. ಇಂದು ಅಂಥದೊಂದರ ಚಾಸಿಸ್ ಕತ್ತರಿಸಿದರೆ ಕಳೆದುಹೋದದ್ದು ಮರಳದು. ಬದಲಿಸಲೇಬೇಕೆನ್ನುವವರು ಲೋಹವನ್ನು ಕತ್ತರಿಸದೆ, ಹಳೆಯ ಎಂಜಿನ್ನನ್ನು ಜೋಪಾನವಾಗಿ ಎತ್ತಿಟ್ಟು ಆ ಕೆಲಸ ಮಾಡುವುದು ವಿವೇಕ. ಮುಂದೆ ಕಾರು ಯಾರ ಕೈಗೆ ಹೋದರೂ ಅದನ್ನು ಮೊದಲಿನಂತಾಗಿಸುವ ದಾರಿ ಆಗ ತೆರೆದಿರುತ್ತದೆ.