ಗಣಕಯಂತ್ರಕ್ಕೆ ನೀರಿನ ತಂಪು

ದುಡಿಯುವ ಯಂತ್ರವು ಕಾವೇರುವುದು ಸಹಜ. ಕಂಪ್ಯೂಟರಿನ ಪ್ರೊಸೆಸರು ಬಳಸುವ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗಿಯೇ ಹೊರಬೀಳುವುದು. ಒಂದೇ ತೂಕದ ಗಾಳಿಗಿಂತ ನೀರು ಸುಮಾರು 4 ಪಟ್ಟು ಶಾಖವನ್ನು ಹೊರಬಲ್ಲುದಾದುದರಿಂದ ಕೆಲವರು ಅದರ ನೆರವನ್ನು ಪಡೆಯುವರು. ಆದರೆ ನೀರು ಶಾಖವನ್ನು ನುಂಗಿಬಿಡುವುದಿಲ್ಲ; ಹೊತ್ತೊಯ್ಯುವುದು ಮಾತ್ರ. ಪಂಪು ಅದನ್ನು ಕೊಳವೆಗಳ ಮೂಲಕ ರೇಡಿಯೇಟರಿಗೆ ತಳ್ಳುವುದು. ಅಲ್ಲಿ ಫ್ಯಾನುಗಳು ಆ ಶಾಖವನ್ನು ಕೋಣೆಯ ಗಾಳಿಗೆ ಬಿಡುವುವು. ಆದುದರಿಂದ ಕೋಣೆಗಿಂತ ಹೆಚ್ಚು ತಂಪನ್ನು ಈ ಏರ್ಪಾಡು ಕೊಡಲಾರದು.

ಮೊದಲ ಬಾರಿಗೆ ಕೊಳ್ಳುವವರು ಕಾರ್ಖಾನೆಯಲ್ಲಿಯೇ ದ್ರವ ತುಂಬಿ ಮುಚ್ಚಿದ ಸಿದ್ಧ ಜೋಡಣೆಯನ್ನು ಆರಿಸುವುದು ಲೇಸು. ಬಿಡಿಭಾಗಗಳನ್ನು ತಾವೇ ಜೋಡಿಸಿದರೆ ಸೋರಿಕೆಯ ಭಯವುಂಟು. ತಾಮ್ರ, ಅಲ್ಯೂಮಿನಿಯಂಗಳೆರಡೂ ಒಂದೇ ನೀರಿನಲ್ಲಿದ್ದರೆ ಅಲ್ಯೂಮಿನಿಯಂ ಸವೆಯುವುದು.

ಕೊಳ್ಳುವ ಮುನ್ನ ಪೆಟ್ಟಿಗೆಯ ಒಳಗನ್ನು ಅಳೆಯಿರಿ. 240 ಮಿಲಿಮೀಟರಿನ ರೇಡಿಯೇಟರೆಂದರೆ 120 ಮಿಲಿಮೀಟರಿನ 2 ಫ್ಯಾನುಗಳು ಕೂರುವಂಥದು. ಅದರ ಪೂರ್ಣ ಉದ್ದವು ಇನ್ನೂ ಹೆಚ್ಚು. ಜೋಡಣೆಯು ನಿಮ್ಮ ಪ್ರೊಸೆಸರಿನ ಸಾಕೆಟ್ಟಿಗೆ ಹೊಂದುವುದೇ ಎಂಬುದನ್ನೂ ನೋಡಿರಿ. ಕೂಡಿಸುವಾಗ ಪಂಪು ಎಲ್ಲಕ್ಕಿಂತ ಎತ್ತರದಲ್ಲಿರಬಾರದು. ಗಾಳಿಯ ಗುಳ್ಳೆಗಳು ಅಲ್ಲಿ ಸೇರಿ ಹರಿವು ಕುಂದುವುದು.

ಪಾಠ ಓದಲು, ಪತ್ರ ಬರೆಯಲು ಬಳಸುವ ಕಂಪ್ಯೂಟರಿಗೆ ಸಾಮಾನ್ಯ ಫ್ಯಾನೇ ಸಾಕು. ಗಂಟೆಗಟ್ಟಲೆ ಭಾರವಾದ ಕೆಲಸ ಮಾಡುವ ಯಂತ್ರಕ್ಕೆ ಮಾತ್ರ ಈ ವೆಚ್ಚವು ಸಾರ್ಥಕ. ಯಂತ್ರದ ದುಡಿಮೆಯೆಷ್ಟೆಂಬುದನ್ನು ತಂದೆತಾಯಿಗಳೂ ಮಕ್ಕಳೂ ಮೊದಲು ಕುಳಿತು ಯೋಚಿಸಲಿ. ನೀರಿನ ಮಾತು ಆಮೇಲೆ ಬರಲಿ.