‘ಅಲ್ಲ’ ಎನ್ನುವ ಉದಾಹರಣೆ

ವ್ಯಾಖ್ಯೆ ಒಪ್ಪಿಸಿದ ಮಗುವಿಗೆ ಪದ ತಿಳಿಯಿತೆಂದು ನಾನು ಒಪ್ಪುವುದಿಲ್ಲ. ಯಾವುದು ಅದಲ್ಲ ಎಂಬುದನ್ನೂ ಅದು ಹೇಳಬೇಕು. ನಮ್ಮ ಸೀಮೆಯಿಂದಲೇ ನಾಲ್ಕು ಪದ:

ಜಲಪಾತ: ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಎತ್ತರದ ಬಂಡೆಯಿಂದ ತಾನಾಗಿ ಧುಮುಕುತ್ತದೆ. ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟಿನ ಬಾಗಿಲಿನಿಂದ ಬೀಳುವ ನೀರು ಜಲಪಾತವಲ್ಲ. ಆ ಎತ್ತರ ಮನುಷ್ಯ ಕಟ್ಟಿದ್ದು.

ಸ್ಥಿತಿಶಕ್ತಿ: ಎತ್ತರದಲ್ಲಿ ನಿಂತ ಅದೇ ಹಿಡಕಲ್ ನೀರಿನಲ್ಲಿ ಅಡಗಿರುವುದು. ಬೀಳುವ ವೇಗದಿಂದ ಬರುವುದು ಚಲನಶಕ್ತಿ.

ಸಹಕಾರ ಸಂಘ: ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಂಘದಂಥದ್ದು. ಷೇರು ಎಷ್ಟಿದ್ದರೂ ಸದಸ್ಯನಿಗೆ ಒಂದೇ ಮತ. ಷೇರಿಗೆ ತಕ್ಕಂತೆ ಮತವಿದ್ದರೆ ಅದು ಕಂಪನಿ.

ಸಣ್ಣಾಟ: ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತದಲ್ಲಿ ಹಾಡು, ಮಾತು ಮುಖ್ಯ. ವೀರಾವೇಶದ ಕುಣಿತ, ಭಾರಿ ವೇಷಭೂಷಣಗಳದು ದೊಡ್ಡಾಟ.

ಪ್ರಶಿಕ್ಷಣಾರ್ಥಿಗಳೇ, ಪಾಠಯೋಜನೆಯಲ್ಲಿ ಪ್ರತಿ ವ್ಯಾಖ್ಯೆಯ ಮುಂದೆ ಇಂಥದೊಂದು ‘ಅಲ್ಲ’ ಬರೆಯಿರಿ. ಅದು ಹೊಳೆಯದಿದ್ದರೆ ಆ ಪದವನ್ನು ಮೊದಲು ನಾವೇ ಇನ್ನೊಮ್ಮೆ ಓದಬೇಕು.